ಶುಚಿನ್ ಅಕ್ಕನ ಹಾಡು ನಿಂತದ್ದು

ಚೀನಾದ ವೂಶಿ ಊರಿನ ಕಾಲುವೆ ದಂಡೆಯ ಉದ್ಯಾನದಲ್ಲಿ ಸಂಜೆಯಾದರೆ ಹೆಂಗಸರ ಎರಡು ತಂಡಗಳು ಬೀಸಣಿಗೆ ಹಿಡಿದು ಕುಣಿಯುತ್ತಿದ್ದವು. ಸೇತುವೆ ಕಡೆಯದು ಶುಚಿನ್‌ಳದು, ಬೇಲಿ ಕಡೆಯದು ಯಾಫೆನ್‌ಳದು. ಇಬ್ಬರೂ ಒಂದೇ ನೂಲಿನ ಗಿರಣಿಯಿಂದ ನಿವೃತ್ತರಾದವರು. ಅಲ್ಲಿ ಶುಚಿನ್ ಮೇಸ್ತ್ರಿ, ಯಾಫೆನ್ ಅವಳ ಕೈಕೆಳಗಿನವಳು. ಈಗ ಅದೇ ಯಾಫೆನ್‌ಳ ತಂಡ ದಿನದಿನಕ್ಕೆ ಬೆಳೆಯುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಶುಚಿನ್‌ಳ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು.

ತಪ್ಪೆಲ್ಲ ಫೋನಿನದು. ಶುಚಿನ್‌ಳ ತಂಡದ ಸ್ಪೀಕರಿಗೆ ಹಾಡು ಹೋಗುವುದು ಅವಳ ಫೋನಿನಿಂದ. ಅವಳಿಗೋ ಊರೆಲ್ಲ ಬಳಗ: ತಂಗಿಯರು, ಸೊಸೆ, ಗಿರಣಿಯ ಗೆಳತಿಯರ ಗುಂಪು. ಹಾಡು ರಂಗೇರುವ ಹೊತ್ತಿಗೇ 'ಟಿಂಗ್' ಎಂದು ಮೆಸೇಜ್ ಬೀಳುತ್ತಿತ್ತು, ಹಾಡು ಒಂದು ಕ್ಷಣ ತಗ್ಗುತ್ತಿತ್ತು, ಎತ್ತಿದ ಬೀಸಣಿಗೆಗಳು ತಾಳ ತಪ್ಪುತ್ತಿದ್ದವು. ಯಾಫೆನ್‌ಳ ಹಾಡು ಮಾತ್ರ ಒಮ್ಮೆಯೂ ಮುಗ್ಗರಿಸಿದ್ದಿಲ್ಲ.

"ಅಕ್ಕಾ, ಇದೊಂದು ಸರಿಮಾಡ್ಕೋ. ಇಲ್ದಿದ್ರೆ ನಾನೂ ಬೇಲಿ ಕಡೆ ಹೋಗ್ತೀನಿ ನೋಡು," ಎಂದಳು ಮುಂದಿನ ಸಾಲಿನ ತಾನ್ ಹ್ವೇ. ಗಿರಣಿಯ ಕಾಲದ ಗೆಳತಿ. ಅವಳು ಹೋದರೆ ಹಿಂದೆಯೇ ಇಡೀ ಸಾಲು ಹೋಗುವುದು ಖಂಡಿತ.

ಶುಚಿನ್ ಅಂದೇ ಮೆಸೇಜುಗಳ ಬಾಯಿ ಮುಚ್ಚಿಸುವ ಆ್ಯಪ್ ಹಾಕಿಕೊಂಡಳು. ಅದು ಕೇಳಿದ್ದಕ್ಕೆಲ್ಲ ಹೂಂ ಎಂದು ಒತ್ತಿದಳು. ಮರುದಿನ ಸಂಜೆ ಒಂದೂ ಟಿಂಗ್ ಇಲ್ಲ. ಯಾಫೆನ್ ಕಡೆ ಜಂಬದಿಂದ ನೋಡಿ ಬೀಸಣಿಗೆ ಬಿಚ್ಚಿದಳು. ಅಷ್ಟರಲ್ಲಿ ಹಾಡೇ ನಿಂತುಹೋಯಿತು. ಮತ್ತೆ ಹಾಕಿದಳು, ಮತ್ತೆ ನಿಂತಿತು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅವಳು ನೆಟ್ಟಗೆ ಬೇಲಿ ಕಡೆ ನಡೆದಳು. "ಏನೇ ಮಾಡ್ದೆ ನನ್ ಹಾಡಿಗೆ?"

ಯಾಫೆನ್ ಫೋನು ಇಸಿದುಕೊಂಡು ನೋಡಿದಳು. "ನಾನೇನ್ ಮಾಡ್ಲಿ ಅಕ್ಕಾ? ಫೋನಿನ ಮೇಲ್ಗಡೆ ಹಾಡಿಂದೊಂದು ಪಟ್ಟಿ ಬರುತ್ತಲ್ಲ, ಅದು ಇದ್ರೇನೇ ಹಾಡು ಓಡೋದು. ನಿನ್ ಹೊಸ ಆ್ಯಪು ಅದನ್ನೂ ಕಸ ಅಂತ ಗುಡಿಸ್ತಾ ಇದೆ."

"ನೀನ್ ಯಾವ ಆ್ಯಪ್ ಹಾಕಿದೀಯ ಮತ್ತೆ?"

"ಯಾವ್ದೂ ಇಲ್ಲ. ನಂಗ್ಯಾರು ಮೆಸೇಜ್ ಮಾಡ್ತಾರೆ? ಗಿರಣಿಯವರ ಗುಂಪಿಗೂ ನೀನು ನನ್ನ ಸೇರಿಸ್ಲಿಲ್ಲ. ದಿನಾ ನಿನ್ ಟಿಂಗ್ ಟಿಂಗ್ ಕೇಳಿ ಹೊಟ್ಟೆ ಉರ್ಕೊಂಡು ಕುಣೀತೀನಿ."

ಶುಚಿನ್ ಫೋನು ಕಸಿದುಕೊಂಡಳು. ಬೇಕೆಂದೇ ಸೇರಿಸಿರಲಿಲ್ಲ. ಮನೆಗೆ ಹೋದವಳೇ ಹೊಸ ಆ್ಯಪನ್ನು ಕಿತ್ತುಹಾಕಿದಳು. ಮರುದಿನ ಕುಣಿತ ಶುರುವಾಗುವ ಮುನ್ನ ಯಾಫೆನ್‌ಳನ್ನು ಗುಂಪಿಗೆ ಸೇರಿಸಿದಳು.

ಬೇಲಿ ಕಡೆಯ ಹಾಡಿನ ನಡುವೆ ಟಿಂಗ್ ಎಂದಿತು. ಮತ್ತೊಂದು ಟಿಂಗ್, ಮೇಲಿಂದ ಮೇಲೆ. ಆ ಕಡೆಯ ಬೀಸಣಿಗೆಗಳು ದಿಕ್ಕಾಪಾಲಾದವು. ಯಾಫೆನ್ ಕುಣಿತ ಬಿಟ್ಟು ಫೋನಿನ ಮೇಲೆ ಬಾಗಿ ನಿಂತಿದ್ದಳು, ಮುಖವೆಲ್ಲ ನಗು.

ಅದೇ ಟಿಂಗ್ ಬೀಳುತ್ತಿದ್ದ ತನ್ನ ಫೋನನ್ನು ಶುಚಿನ್ ನೋಡಿದಳು. ಗುಂಪಿನವರೆಲ್ಲ ಯಾಫೆನ್‌ಳನ್ನು ಹೊಗಳಿ ಹೊಗಳಿ ಬರಮಾಡಿಕೊಳ್ಳುತ್ತಿದ್ದರು. ಗುಂಪು ಕಟ್ಟಿದ ತನಗೆ ಒಬ್ಬಳೂ ಇಷ್ಟು ಬರೆದದ್ದಿಲ್ಲ. ಹಳೆಯ ಉರಿ ಮತ್ತೆ ಹೊತ್ತಿಕೊಂಡಿತು.

"ಹ್ವೇ, ತಾಳ ನೋಡ್ಕೊಳ್ಳೇ!" ಎಂದು ಮುಂದಿನ ಸಾಲಿನತ್ತ ಗದರಿದಳು.

ತಾನ್ ಹ್ವೇ ಬೀಸಣಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಸೇಜ್ ಬರೆಯುತ್ತಿದ್ದಳು. "ಒಂದ್ನಿಮಿಷ ಅಕ್ಕಾ," ಎಂದಳು. "ಯಾಫೆನ್‌ಗೆ ನಾನಿನ್ನೂ ಏನೂ ಬರ್ದಿಲ್ಲ."