ಇನ್ನು ನಾನು ಯಾರ ಮೂಗಿಗೂ ಕಡ್ಡಿ ಹಾಕುವುದಿಲ್ಲ

ಹೋದ ತಿಂಗಳ ಒಂದು ಮಂಗಳವಾರ ನಾನು ಏಳು ನಿಮಿಷದಲ್ಲಿ ಲ್ಯಾಬ್ ಟೆಕ್ನೀಷಿಯನ್ ಆದೆ.

ಸುಳ್ಳಲ್ಲ. ತರಬೇತಿಯ ವಿಡಿಯೋ ಇದ್ದದ್ದೇ ಏಳು ನಿಮಿಷ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡಿದೆ. ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು. (ಈ ದಾರಿಯಲ್ಲಿ ದಿನಾ ಓಡಾಡುವವರಿಗೆ ಅದು ಎಲ್ಲೆಲ್ಲಿ ಹೋಗುತ್ತದೆಂದು ಬಾಯಿಪಾಠ.) ಕಡ್ಡಿಯನ್ನು ಮಗುವಿನ ಮೂಗಿನೊಳಗೆ ಹಾಕಿ ತಿರುಗಿಸಿ, ಟ್ಯೂಬಿನಲ್ಲಿ ಅದ್ದಿ, ಪಟ್ಟಿಯ ಮೇಲೆ ಹನಿ ಬಿಡಿ, ಹದಿನೈದು ನಿಮಿಷಕ್ಕೆ ನೋಡಿ. ಒಂದು ಗೆರೆ ಬಂದರೆ ಕೊರೊನಾ ಇಲ್ಲ. ಎರಡು ಬಂದರೆ ಇದೆ. ತರಬೇತಿ ಮುಗೀತು. ನಾನು ಶಾಲೆ ಮುಟ್ಟುವಷ್ಟರಲ್ಲಿ ಕಿಟ್‌ಗಳ ಡಬ್ಬಿ ಟೇಬಲ್ ಮೇಲೆ ಕಾಯುತ್ತಿತ್ತು.

ಈ ಅಂಕಣ ಓದುವವರಿಗೆ ಗೊತ್ತೇ ಇದೆ, ನಾನು ಹಳ್ಳಿಯ ಸರ್ಕಾರಿ ಶಾಲೆಯ ಟೀಚರ್. ಹತ್ತೊಂಬತ್ತು ವರ್ಷದ ಸರ್ವಿಸ್. ಕೆಲಸಕ್ಕೆ ಒಲ್ಲೆ ಎಂದವಳಲ್ಲ. ಮನೆಮನೆಗೆ ಹೋಗಿ ಜನಗಣತಿ ಮಾಡಿದ್ದೇನೆ, ಮತದಾರರ ಪಟ್ಟಿ ತಿದ್ದಿದ್ದೇನೆ, ಯಾರ ಮನೆಯಲ್ಲಿ ಶೌಚಾಲಯ ಇದೆ, ಯಾರ ಮನೆಯಲ್ಲಿ ಇಲ್ಲ ಎಂದು ಬರೆದುಕೊಂಡಿದ್ದೇನೆ. ಲಾಕ್‌ಡೌನಿನಲ್ಲಿ ಚೆಕ್‌ಪೋಸ್ಟಿನ ಬಿಸಿಲಿಗೆ ನಿಂತು ಬೈಕ್‌ಗಳ ನಂಬರ್ ಗೀಚಿದ್ದೇನೆ. ಇಷ್ಟೆಲ್ಲಾ ಮಾಡಿದವಳಿಗೆ ಮೂಗಿನ ಕಡ್ಡಿ ಯಾವ ಲೆಕ್ಕ ಅಂದುಕೊಂಡೆ. ಶಾಲೆ ಮತ್ತೆ ತೆರೆದಿತ್ತಲ್ಲ, ಮಕ್ಕಳು ಎದುರಿಗೆ ಕೂತಿದ್ದವಲ್ಲ, ಆ ಖುಷಿಯಲ್ಲಿ ಏನು ಹೇಳಿದ್ದರೂ ಮಾಡುತ್ತಿದ್ದೆನೋ ಏನೋ.

ನನ್ನ ಪಾಲಿಗೆ ಬಂದದ್ದು ಆರನೇ ತರಗತಿ. ಮೂವತ್ತೊಂದು ಮಕ್ಕಳು, ಮೂವತ್ತೊಂದು ಮೂಗು. ಕೆಲವರು ಅತ್ತರು, ಒಬ್ಬ ನನ್ನ ಕೈ ಕಚ್ಚಿದ, ಉಳಿದವರು ಸೀನಿದರು. ಪಟ್ಟಿಗಳನ್ನು ರೋಲ್ ನಂಬರ್ ಬರೆದು ಬೆಂಚಿನ ಮೇಲೆ ಸಾಲಾಗಿ ಜೋಡಿಸಿದೆ. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಫೋಟೋ ತೆಗೆದೆ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ಸರ್ಕಾರಿ ಶಾಲೆಯಲ್ಲಿ ಊಟದ ಗಂಟೆ ಎಂದರೆ ಟೀಚರಿಗೆ ಬಿಡುವು ಎಂದು ತಿಳಿಯಬೇಡಿ. ಮಕ್ಕಳಿಗೆ ಬಡಿಸುವ ಮೊದಲು ಟೀಚರ್ ಉಂಡು ರುಚಿ ನೋಡಬೇಕು. ಅದು ನಿಯಮ, ಒಳ್ಳೆಯ ನಿಯಮ. ಅಡುಗೆಯಮ್ಮ ಬಾಗಿಲಿಗೆ ಬಂದು ಕರೆದಳು. ಹೋದೆ. ರುಚಿ ನೋಡಿದೆ, ರಿಜಿಸ್ಟರಿನಲ್ಲಿ ಸಹಿ ಹಾಕಿದೆ, ಸಾಲು ನಿಲ್ಲಿಸಿದೆ, ಬಡಿಸಿದೆ, ತಟ್ಟೆ ತೊಳೆಯುವ ನಳದ ಹತ್ತಿರ ನಡೆದ ಜಗಳ ಬಿಡಿಸಿದೆ, ಊಟದ ಫೋಟೋ ಗ್ರೂಪಿಗೆ ಹಾಕಿದೆ. ಪಟ್ಟಿಗಳ ಹತ್ತಿರ ವಾಪಸ್ ಬಂದಾಗ ಒಂದು ತಾಸಿನ ಮೇಲಾಗಿತ್ತು.

ಮೂವತ್ತು ಪಟ್ಟಿಗಳಲ್ಲಿ ಒಂದೇ ಗೆರೆ. ಹದಿನಾಲ್ಕನೆಯದರಲ್ಲಿ ಎರಡು. ಎರಡನೆಯದು ಪೆನ್ಸಿಲಿನಿಂದ ಎಳೆದಷ್ಟು ತೆಳ್ಳಗೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಟೀಚರ್ ಕೈಗೆ ರಿಸಲ್ಟ್ ಕೊಟ್ಟರೆ ಏನು ಮಾಡುತ್ತಾಳೆ? ತರಗತಿಗೆ ಹೋಗಿ ಓದುತ್ತಾಳೆ. ಹತ್ತೊಂಬತ್ತು ವರ್ಷದಿಂದ ಕಿರುಪರೀಕ್ಷೆ, ಅರ್ಧವಾರ್ಷಿಕ, ವಾರ್ಷಿಕ ಎಲ್ಲವನ್ನೂ ಹಾಗೇ ಓದಿದವಳು ನಾನು. ಅವತ್ತೂ ಕಾಲುಗಳು ತಾವಾಗಿ ಹೋಗಿ ಕರಿಹಲಗೆಯ ಮುಂದೆ ನಿಂತವು. ನಂಬರ್ ಹದಿನಾಲ್ಕು, ಎದ್ದು ನಿಲ್ಲು ಎಂದೆ. ನಿನಗೊಬ್ಬಳಿಗೇ ಪಾಸಿಟಿವ್ ಬಂದಿದೆ ಎಂದೆ. ಎಲ್ಲರ ಮುಂದೆ.

ಅವಳ ಹೆಸರು ಇಲ್ಲಿ ಹುಲಿಗೆಮ್ಮ ಎಂದಿರಲಿ. ಮಗ್ಗಿಯಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವತ್ತು ಮಾತ್ರ ಮೆಲ್ಲಗೆ ಕೇಳಿದಳು.

"ನಾ ಏನ್ ಮಾಡೀನ್ರಿ ಟೀಚರ?"

ಅಕ್ಕಪಕ್ಕದ ಮಕ್ಕಳು ಆಗಲೇ ಚೀಲ ಎತ್ತಿಕೊಂಡು ಸರಿದಿದ್ದವು.

ಸಂಜೆಯೊಳಗೆ ಊರಿಗೆಲ್ಲಾ ಗೊತ್ತಾಯಿತು. ಅವಳ ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುವವಳು. ಮರುದಿನ ಬೆಳಿಗ್ಗೆ ಕೂಲಿ ಹೆಂಗಸರನ್ನು ಒಯ್ಯುವ ಟಂಟಂನಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ನಳದ ಹತ್ತಿರ ಎಲ್ಲರದೂ ಆದ ಮೇಲೆ ನೀ ಬಾ ಎಂದರಂತೆ. ಇಂಥ ಮಾತನ್ನು ಆ ಓಣಿ ಮೊದಲ ಸಲ ಕೇಳಿದ್ದಲ್ಲ. ಹಿಂದೆ ಜಾತಿಯ ನೆಪ ಇತ್ತು, ಈಗ ರೋಗದ ನೆಪ. ಹೊಸ ನೆಪ ತಂದುಕೊಟ್ಟವಳು ನಾನು.

ನನಗೂ ಇದು ಗೊತ್ತಿರದ ವಿಷಯವಲ್ಲ. ನನ್ನಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತವನು. ನಾನು ಶಾಲೆಗೆ ಹೋಗುವಾಗ ನನಗೆ ಲೋಟ ಕೊಡುತ್ತಿರಲಿಲ್ಲ, ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಟೀಚರ್ ಆದ ದಿನ ಒಂದೇ ಆಣೆ ಮಾಡಿಕೊಂಡಿದ್ದೆ: ನನ್ನ ತರಗತಿಯಲ್ಲಿ ಯಾವ ಮಗುವೂ ದೂರ ಕೂರಬಾರದು. ಆಣೆ ಮುರಿಯಲು ಒಂದು ಕಡ್ಡಿ ಸಾಕಾಯಿತು ನೋಡಿ.

ಮರುದಿನ ತಾಯಿ, ಮಗಳು ಇಬ್ಬರನ್ನೂ ನಾನೇ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಟೆಸ್ಟ್ ಮಾಡುವ ಹುಡುಗಿ (ಅವಳು ಇದನ್ನು ಏಳು ನಿಮಿಷದಲ್ಲಲ್ಲ, ವರ್ಷಗಟ್ಟಲೆ ಓದಿ ಕಲಿತವಳು) ನಮ್ಮ ಪಟ್ಟಿಯನ್ನು ನೋಡಲೂ ಇಲ್ಲ. ಎಷ್ಟು ಹೊತ್ತಿಗೆ ನೋಡಿದಿರಿ ಎಂದಷ್ಟೇ ಕೇಳಿದಳು. ಹೇಳಿದೆ.

"ಅರ್ಧ ತಾಸು ದಾಟಿದ ಮ್ಯಾಲ ಅದು ಏನ್ ತೋರ್ಸಿದ್ರೂ ಹಿಡ್ಯಂಗಿಲ್ರಿ ಮೇಡಂ," ಅಂದಳು.

ಹೊಸದಾಗಿ ಟೆಸ್ಟ್ ಮಾಡಿದರು. ಲ್ಯಾಬಿಗೂ ಕಳಿಸಿದರು. ಎರಡರಲ್ಲೂ ನೆಗೆಟಿವ್. ಲ್ಯಾಬಿನ ವರದಿ ಕೈಗೆ ಸಿಕ್ಕ ಭಾನುವಾರ ಅದನ್ನು ಹಿಡಿದು ಹುಲಿಗೆಮ್ಮನ ಮನೆಗೆ ಓಡಿದೆ. ಅವಳ ತಾಯಿ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಕರೆಯಲಿಲ್ಲ.

"ದೂರ ನಿಂದರ್ರಿ ಟೀಚರಮ್ಮ. ನಿಮಗ ಹತ್ತೀತು."

ನಾನು ವರದಿ ತೋರಿಸಿದೆ, ತಪ್ಪು ನನ್ನದು ಎಂದೆ. ಅವಳು ಕಾಗದವನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಮಗಳನ್ನು ಇನ್ನು ಶಾಲೆಗೆ ಕಳಿಸುವುದಿಲ್ಲ, ನಾಳೆಯಿಂದ ತನ್ನ ಜೊತೆ ಹತ್ತಿ ಬಿಡಿಸಲು ಬರುತ್ತಾಳೆ ಎಂದಳು. ನಾನು ಬೇಡಿಕೊಂಡೆ. ಕೊನೆಗೆ ಒಂದು ಮಾತು ಕೇಳಿದಳು.

"ಅದ ಅಂತ ಎಲ್ಲಾರ ಮುಂದ ಹೇಳಿದ್ರಿ. ಇಲ್ಲ ಅಂತ ಎಲ್ಲಾರ ಮುಂದ ಹೇಳ್ತೀರೇನು?"

ಹೇಳಿದೆ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಇಡೀ ಶಾಲೆಯ ಮುಂದೆ ಹೇಳಿದೆ. ಹುಲಿಗೆಮ್ಮನಿಗೆ ಏನೂ ಇರಲಿಲ್ಲ, ಟೆಸ್ಟ್ ನೋಡಲು ಬಾರದ್ದು ನನಗೆ ಎಂದೆ. ಸಂಜೆ ಟಂಟಂ ಬಂದು ನಿಲ್ಲುವ ಕಟ್ಟೆಯ ಹತ್ತಿರ ಹೋಗಿ ಕೂಲಿ ಹೆಂಗಸರಿಗೂ ಅದನ್ನೇ ಹೇಳಿದೆ. ಒಬ್ಬ ಹಿರಿಯ ಸಹೋದ್ಯೋಗಿ ಪಕ್ಕಕ್ಕೆ ಕರೆದು, ಹೀಗೆ ಬಹಿರಂಗವಾಗಿ ತಪ್ಪು ಒಪ್ಪಿಕೊಂಡರೆ ಶಿಕ್ಷಕರ ಮರ್ಯಾದೆ ಏನಾಗಬೇಕು ಎಂದರು. ಹನ್ನೊಂದು ವರ್ಷದ ಹುಡುಗಿಗೆ ಮರ್ಯಾದೆ ಇಲ್ಲವೇ, ಸರ್?

ಬುಧವಾರ ಅವಳು ಬಂದಳು. ನನಗೆ ಹೋದ ಜೀವ ಬಂದಂತಾಯಿತು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಸಾಲಾಗಿ ಕೂತಾಗ ಅವಳು ತಟ್ಟೆ ಹಿಡಿದು ಹೋಗಿ ಕಂಬದ ಆಚೆ ಒಬ್ಬಳೇ ಕೂತಳು. ಯಾರೂ ಹೋಗು ಅಂದಿರಲಿಲ್ಲ. ನಾನೂ ಒಂದು ತಟ್ಟೆ ಹಾಕಿಸಿಕೊಂಡು ಅವಳ ಪಕ್ಕ ಕೂತೆ. ಮೂರನೇ ದಿನ ಇನ್ನಿಬ್ಬರು ಹುಡುಗಿಯರು ತಾವಾಗೇ ಬಂದು ನಮ್ಮ ಹತ್ತಿರ ಕೂತರು. ಸಾಲಿನೊಳಗೆ ಹೋಗಿ ಕೂರಲು ಅವಳಿಗೆ ಇನ್ನೂ ಮನಸ್ಸಾಗಿಲ್ಲ.

ಹೀಗಿರುವಾಗ ಎರಡನೇ ಸುತ್ತಿನ ಕಿಟ್‌ಗಳು ಬಂದವು. ನಾನು ಡಬ್ಬಿ ಬಿಚ್ಚಲಿಲ್ಲ.

ಮೇಲಿನವರು ಫೋನ್ ಮಾಡಿದರು. ಎಲ್ಲಾ ಶಾಲೆಯವರೂ ಮಾಡುತ್ತಿದ್ದಾರೆ, ನಿಮಗೊಬ್ಬರಿಗೆ ಏನು ತ್ರಾಸು ಎಂದರು. ಹೇಗೆ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತು. ಮಾನ್ವಿ ಕಡೆಯ ನನ್ನ ಗೆಳತಿಯೂ ಟೀಚರೇ. ಅವಳು ಕಡ್ಡಿಯನ್ನು ಮೂಗಿನ ತುದಿಗೆ ಸೋಕಿಸಿ, ಎಲ್ಲರಿಗೂ ನೆಗೆಟಿವ್ ಎಂದು ಬರೆದು, ನೆಮ್ಮದಿಯಾಗಿ ಪಾಠ ಮಾಡುತ್ತಾಳೆ. ಅವಳನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅಲ್ಲಿ ನಿಜವಾಗಿಯೂ ರೋಗ ಇರುವ ಒಂದು ಮಗು ಇದ್ದರೆ? ರೋಗ ಇಲ್ಲದ ಕಡೆ ರೋಗ ಕಾಣುವವಳು ನಾನು, ಇದ್ದ ಕಡೆ ಕಾಣದವಳು ಅವಳು. ಇದಕ್ಕೆ ಪರೀಕ್ಷೆ ಎನ್ನುತ್ತಾರೆಯೇ?

ಫೋನಿನಲ್ಲಿ ನಾನು ಹೇಳಿದ್ದು ಇಷ್ಟು.

"ಸರ್, ಟೆಸ್ಟ್ ಬ್ಯಾಡ ಅನ್ನಂಗಿಲ್ರಿ ನಾ. ನರ್ಸಮ್ಮನ್ನ ಕಳಿಸ್ರಿ. ಹುಡುಗೂರ ಕೈ ನಾ ಹಿಡಕೊಂಡು ಕುಂದರ್ತೀನಿ. ಕಡ್ಡಿ ಮಾತ್ರ ಮುಟ್ಟಂಗಿಲ್ಲ."

ನರ್ಸಮ್ಮ ಒಬ್ಬರೇ, ಹಳ್ಳಿಗಳು ಹಲವು ಎಂದರು. ಅದೂ ನಿಜ. ಪಾಪ, ಆಕೆ ಸ್ಕೂಟಿಯಲ್ಲಿ ಊರೂರು ತಿರುಗಿ ಸವೆದುಹೋಗಿದ್ದಾಳೆ. ಹಾಗಾದರೆ ಇನ್ನಿಬ್ಬರು ನರ್ಸಮ್ಮಂದಿರನ್ನು ನೇಮಿಸಬೇಕೋ, ಸಿಕ್ಕ ಟೀಚರನ್ನು ನರ್ಸಮ್ಮ ಮಾಡಬೇಕೋ? ನಾಳೆ ಆಕೆಗೊಂದು ವಿಡಿಯೋ ಕಳಿಸಿ, ಆರನೇ ತರಗತಿಗೆ ಭಿನ್ನರಾಶಿ ಕಲಿಸಿ ಬನ್ನಿ ಎಂದರೆ ಒಪ್ಪುತ್ತೀರಾ? ಹಾಗೆ ಕಲಿತ ಲೆಕ್ಕವನ್ನು ನಿಮ್ಮ ಮಕ್ಕಳಿಗೆ ಹೇಳಿಕೊಡಿಸುತ್ತೀರಾ? ಎಲ್ಲಾ ಬಲ್ಲವರು ಎಂದು ನಮ್ಮನ್ನು ಹೊಗಳುವುದು ಬೇಡ. ನಮಗೆ ಬರುವ ಕೆಲಸ ಒಂದಿದೆ, ಎರಡು ವರ್ಷ ಅಕ್ಷರ ಮರೆತು ಕೂತ ಮಕ್ಕಳು ಅದಕ್ಕಾಗಿ ಕಾಯುತ್ತಿದ್ದಾರೆ, ಅದನ್ನು ಮಾಡಲು ಬಿಡಿ ಸಾಕು.

ಶನಿವಾರ ನನಗೆ ನೋಟಿಸ್ ಬಂದಿದೆ. ಕರ್ತವ್ಯಲೋಪವಂತೆ. ಮೂರು ದಿನದೊಳಗೆ ಕಾರಣ ಕೊಡಬೇಕಂತೆ. ಕೊಡುತ್ತೇನೆ, ಹೆದರಿ ಅಲ್ಲ. ಸಂಬಳ ನಿಂತರೆ ಏನು ಗತಿ ಎಂಬ ಚಿಂತೆ ಇಲ್ಲವೆಂದರೆ ಸುಳ್ಳಾದೀತು. ಆದರೆ ಕಂಬದ ಆಚೆ ಕೂತ ಆ ಹುಡುಗಿಯ ಬೆನ್ನು ನೋಡಿದ ಮೇಲೆ ಆ ಚಿಂತೆ ದೊಡ್ಡದು ಅನ್ನಿಸುತ್ತಿಲ್ಲ.

ನಾನು ಹುಲಿಗೆಮ್ಮನನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದ ದಿನ ಮೇಲಿನವರಿಂದ "ಗುಡ್ ವರ್ಕ್ ಮೇಡಂ" ಎಂದು ಮೆಸೇಜು ಬಂದಿತ್ತು, ಇನ್ನೊಂದು ಮಗುವನ್ನು ಹಾಗೆ ನಿಲ್ಲಿಸುವುದಿಲ್ಲ ಎಂದ ಮೇಲೆ ನೋಟಿಸ್ ಬಂದಿದೆ: ಕರ್ತವ್ಯಲೋಪ ಆದದ್ದು ಯಾವ ದಿನ, ನೀವೇ ಹೇಳಿ?