ಲಾಮಾ ಮಾಡಿದ ತಮಟೆ

ನನ್ನ ದೊಡ್ಡಪ್ಪ ಜಂಬಾ ಚಿಕ್ಕ ಹುಡುಗನಾಗಿದ್ದಾಗಲೇ ಮಠ ಸೇರಿದ್ದ. ಅವನಿಗೆ ಮೀಸೆ ಚಿಗುರುವ ಹೊತ್ತಿಗೆ ಮಠವೇ ಇರಲಿಲ್ಲ. ದೇವರು ಧರ್ಮ ಬೇಡವೆಂದ ಸರ್ಕಾರದವರು ಹಿರಿಯ ಲಾಮಾಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದರು, ಎಳೆಯರನ್ನು ಮನೆಗೆ ಅಟ್ಟಿದರು. ದೊಡ್ಡಪ್ಪ ನಮ್ಮ ಕಣಿವೆಯ ಶಿಶ್ಗೆಡ್ ಹೊಳೆಯ ದಂಡೆಯಲ್ಲಿದ್ದ ಪಶುಪಾಲಕರ ಸಹಕಾರ ಸಂಘದಲ್ಲಿ ಬಡಗಿಯಾದ. ಗುಡಾರದ ಬಾಗಿಲು, ಹಾಲಿನ ಪೀಪಾಯಿ, ಕುದುರೆಯ ಜೀನು, ಎಲ್ಲ ಅವನ ಕೈಯಲ್ಲೇ ಆಗಬೇಕಿತ್ತು. ಕೆಲಸ ಮಾಡುವಾಗ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ಯಾರಾದರೂ ಕೇಳಿದರೆ, "ಅಳತೆ ಲೆಕ್ಕ ಹಾಕ್ತಿದೀನಿ" ಎನ್ನುತ್ತಿದ್ದ. ಅದು ಮಂತ್ರವೆಂದು ಕಣಿವೆಗೆಲ್ಲ ಗೊತ್ತಿತ್ತು.

ಅಂಥವನು ಮದುವೆಯಾದದ್ದು ನನ್ನ ಅಮ್ಮನ ಅಕ್ಕ ಹೊರ್ಲೋಳನ್ನು. ನಮ್ಮದು ಉದ್ಗನ್‌ಗಳ ಮನೆತನ. ತಮಟೆ ಬಾರಿಸಿ, ಸತ್ತ ಹಿರಿಯರನ್ನು ಮೈಮೇಲೆ ಬರಿಸಿಕೊಳ್ಳುವ ಹೆಂಗಸರು. ನಮ್ಮನ್ನು ಜನ ಕಪ್ಪಿನವರು ಎನ್ನುತ್ತಿದ್ದರು, ಹಳದಿ ಟೋಪಿಯ ಲಾಮಾಗಳನ್ನು ಹಳದಿಯವರು ಎನ್ನುತ್ತಿದ್ದರು. ನನ್ನ ಮುತ್ತಜ್ಜಿಯ ತಮಟೆಯನ್ನು ಲಾಮಾಗಳು ಅವಳ ಒಲೆಗೇ ಹಾಕಿ ಸುಟ್ಟಿದ್ದರಂತೆ. ಆ ಸಿಟ್ಟು ನಮ್ಮ ಮನೆಯಲ್ಲಿ ಇನ್ನೂ ಆರಿರಲಿಲ್ಲ.

"ಹೋಗಿ ಹೋಗಿ ಹಳದಿಯವನೇ ಸಿಕ್ಕಿದ್ನಾ ನಿಂಗೆ?" ಎಂದು ನನ್ನ ಅಜ್ಜಿ ಮದುವೆಯ ದಿನವೂ ಗೊಣಗಿದಳು.

"ಟೋಪಿ ಕಿತ್ಕೊಂಡಾಯ್ತಲ್ಲ ಅತ್ತೆ, ಈಗ ಬರೀ ಬೋಳು ತಲೆ" ಎಂದನಂತೆ ದೊಡ್ಡಪ್ಪ.

ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಇವರಿಬ್ಬರ ಗುಡಾರದಲ್ಲಿ. ಮರದ ಹೊಟ್ಟು, ಯಾಕ್ ಬೆಣ್ಣೆ, ಒದ್ದೆ ಉಣ್ಣೆ ಎಲ್ಲ ಬೆರೆತ ಆ ವಾಸನೆ ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಬೆಳಿಗ್ಗೆ ಮೊದಲ ಉಪ್ಪು ಚಹಾವನ್ನು ದೊಡ್ಡಮ್ಮ ಹೊರಗೆ ಒಯ್ದು ಹಿರಿಯರಿಗೆಂದು ಆಕಾಶಕ್ಕೆ ಚಿಮುಕಿಸುತ್ತಿದ್ದಳು.

"ಲಾಮಾ ಅವ್ರೇ, ನಿಮ್ಮ ಬುದ್ಧನಿಗೂ ಎರಡು ಹನಿ ಹಾಕ್ಲಾ?"

"ಹಾಕು ಮಾರಾಯ್ತಿ. ಉಪ್ಪು ಕಮ್ಮಿಯಾದ್ರೆ ಅವನೇನೂ ಕಾಯಿಲೆ ಕಳಿಸಲ್ಲ, ನಿಮ್ಮೋರ ಥರ."

ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ಚಳಿಗಾಲ ದೊಡ್ಡಮ್ಮನಿಗೆ ನಿಜವಾಗಿಯೂ ಕಾಯಿಲೆಯಾಯಿತು. ಯಾಕ್‌ನ ಹಾಲು ಕರೆಯುತ್ತಿದ್ದಂತೆ ಕೈ ಸೆಟೆದುಕೊಳ್ಳುತ್ತಿತ್ತು. ಬರಿಗಾಲಲ್ಲಿ ಹಿಮ ತುಳಿದುಕೊಂಡು ಕಾಡಿನತ್ತ ನಡೆದುಬಿಡುತ್ತಿದ್ದಳು. ಕುದುರೆ ಏರಿ ಬಂದ ಡಾಕ್ಟರು ಸೂಜಿ ಚುಚ್ಚಿ, ನರಗಳ ದೌರ್ಬಲ್ಯ ಎಂದು ಹೇಳಿ ಹೋದರು.

"ಇದು ಸೂಜಿಗೆ ಹೋಗಲ್ಲ" ಎಂದಳು ದೊಡ್ಡಮ್ಮ. "ಸತ್ತ ನಮ್ಮಜ್ಜಿ ಕರೀತಿದಾಳೆ, ಅದೇ ತಮಟೆ ಸುಡಿಸ್ಕೊಂಡೋಳು. ತಮಟೆ ಎತ್ಕೊಳ್ದೆ ಇದ್ರೆ ನನ್ನ ಬಿಡಲ್ಲ. ಆದ್ರೆ ನೀವು ಮಠದೋರು. ನಿಮಗಿದು ಪಾಪ ಅಲ್ವಾ?"

ದೊಡ್ಡಪ್ಪ ಕೊಡಲಿ ತೆಗೆದುಕೊಂಡು ಹೊರಗೆ ಹೋದವನು ಸಂಜೆಗೆ ಲಾರ್ಚ್ ಮರದ ಸೀಳೊಂದನ್ನು ಹೊತ್ತು ತಂದ. ಅದನ್ನು ಹಬೆಯಲ್ಲಿ ಬೇಯಿಸಿ ಬಾಗಿಸಿ ತಮಟೆಯ ಬಳೆ ಮಾಡಿದ. ಬೂಟಿಗೆ ಬೇಕು ಎಂದು ಸುಳ್ಳು ಹೇಳಿ ಬೇಟೆಗಾರನಿಂದ ಜಿಂಕೆಯ ತೊಗಲು ತಂದು ಬಿಗಿದ. ಕೊನೆಗೆ ಬಳೆಯ ಒಳಮೈಯಲ್ಲಿ ಚಾಕುವಿನ ಮೊನೆಯಿಂದ ತಾನು ಜಪಿಸುತ್ತಿದ್ದ ಮಣಿಮಂತ್ರ ಕೊರೆದ.

"ಅದ್ಯಾಕೆ ದೊಡ್ಡಪ್ಪ?" ಎಂದೆ.

"ಹೊರಗಡೆದು ಅವಳಿಗೆ. ಒಳಗಡೆದು ನನ್ನ ಧೈರ್ಯಕ್ಕೆ."

ಆಗ ಮಂತ್ರಕ್ಕೂ ಜೈಲು, ತಮಟೆಗೂ ಜೈಲು. ಸದ್ದು ಯಾರಿಗೂ ಕೇಳಿಸದಿರಲೆಂದು ಹಿಮಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ಹೊತ್ತು ನೋಡಿ ಕುಳಿತರು. ದೊಡ್ಡಪ್ಪ ಮೊದಲು ಬುದ್ಧನಿಗೆ ಶರಣೆಂದು ಉದ್ದಕ್ಕೆ ಮಂತ್ರಪಾಠ ಶುರು ಮಾಡಿದ. ಅದು ಮುಗಿಯುವ ಮೊದಲೇ ದೊಡ್ಡಮ್ಮನ ಕೈ ತಮಟೆಗೆ ಬಿತ್ತು. ನೋಡನೋಡುತ್ತ ಅವಳ ಬೆನ್ನು ಗೂನಾಯಿತು, ದನಿ ಹಣ್ಣು ಮುದುಕಿಯದಾಯಿತು. ನಾನು ಒಲೆಗೆ ಅಂಟಿಕೊಂಡು ಕುಳಿತೆ.

"ಯಾವನವನು? ಹಳದಿ ನಾತ ಹೊಡೀತಿದೆ!"

"ನಾನು ಅಜ್ಜಿ. ನಿಮ್ಮನೆ ಅಳಿಯ."

"ನಿಮ್ಮೋರು ನನ್ನ ತಮಟೆ ಸುಟ್ರು."

ದೊಡ್ಡಪ್ಪ ಮಂಡಿಯೂರಿ ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದಿದ್ದ.

"ಹೌದು ಅಜ್ಜಿ, ಸುಟ್ರು. ಅದಕ್ಕೇ ಹೊಸದು ಮಾಡ್ಕೊಟ್ಟಿದೀನಿ. ಬಾರ್ಸಿ ನೋಡಿ."

ತಮಟೆ ಒಂದು ಸಲ ಮೆಲ್ಲಗೆ ದನಿಗೊಟ್ಟಿತು. ಮತ್ತೊಂದು ಸಲ ಜೋರಾಗಿ. ಆಮೇಲೆ ಆ ಮುದುಕಿ ಬಟ್ಟಲು ಎತ್ತಿ ಗಟಗಟ ಕುಡಿದಳು.

"ದನಿ ಚೆನ್ನಾಗಿದೆ. ನಿನ್ನ ಪಾಠ ಮಾತ್ರ ಚುಟುಕಾಗಿರ್ಲಿ. ಕಾದು ಕಾದು ಸಾಕಾಯ್ತು" ಎಂದಳು.

ವಸಂತ ಬರುವಷ್ಟರಲ್ಲಿ ದೊಡ್ಡಮ್ಮ ಎದ್ದು ಓಡಾಡಿದಳು. ಅಲ್ಲಿಂದಾಚೆ ಕಣಿವೆಯವರು ಗುಟ್ಟಾಗಿ ಬರತೊಡಗಿದರು. ಸಂಘದ ಅಧ್ಯಕ್ಷನ ಹೆಂಡತಿ ಕೂಡ ತಪ್ಪಿಸಿಕೊಂಡ ಕುರಿ ಹುಡುಕುವ ನೆಪದಲ್ಲಿ ಬಂದಳು. ದೊಡ್ಡಪ್ಪನದು ಚುಟುಕು ಪಾಠ, ಆಮೇಲೆ ದೊಡ್ಡಮ್ಮನ ತಮಟೆ. ಹೀಗೇ ವರ್ಷಗಳು ಕಳೆದವು.

ಕಾಲ ಬದಲಾಗಿ ಮಠವನ್ನು ಮತ್ತೆ ಕಟ್ಟಿದಾಗ, ಪಟ್ಟಣದಿಂದ ಬಂದ ಎಳೆಯ ಲಾಮಾ ಒಬ್ಬರು ನಮ್ಮ ಗುಡಾರಕ್ಕೇ ಬಂದರು. "ಅಜ್ಜಾರೇ, ಹಳೇ ಮಠದ ಪಾಠದ ರಾಗ ಬಲ್ಲೋರು ಉಳಿದಿರೋದು ನೀವೊಬ್ರೇ" ಎಂದು ಕರೆದರು. ಅವರು ಕೊಟ್ಟ ಕೆಂಪು ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ದೊಡ್ಡಪ್ಪ ಮಗುವಿನ ಹಾಗೆ ಅತ್ತ. ಹೋದ. ಹುಡುಗರಿಗೆ ರಾಗಗಳನ್ನೆಲ್ಲ ಕಲಿಸಿದ. ಒಂದು ದಿನ ಕುದುರೆ ಏರಿ ಹಿಂದಿರುಗಿ ಬಂದ.

"ಯಾಕೆ ಬಂದ್ರಿ?" ಎಂದಳು ದೊಡ್ಡಮ್ಮ.

"ಅಲ್ಲಿ ಚಹಾ ಚೆನ್ನಾಗಿಲ್ಲ."

"ನಿಜ ಹೇಳಿ."

"ಲಾಮಾ ಆದವನ ಮನೇಲಿ ತಮಟೆ ಇರಬಾರ್ದಂತೆ. ಮಾಡಿದವನೇ ನಾನಲ್ವಾ, ಅದು ಹೋದ್ರೆ ನಾನೂ ಮನೆ ಬಿಡ್ಬೇಕಾಗುತ್ತೆ ಅಂತ ಹೇಳಿ ಬಂದೆ."

ಹುಲ್ಲು ಮಾಗುವ ಕಾಲದಲ್ಲಿ, ನಿದ್ದೆಯಲ್ಲೇ, ದೊಡ್ಡಪ್ಪ ತೀರಿಕೊಂಡ. ಅದೇ ಲಾಮಾ ಬಂದು, ಸತ್ತವರಿಗೆ ಮರುಹುಟ್ಟಿನ ದಾರಿ ತೋರುವ ನಲವತ್ತೊಂಬತ್ತು ದಿನದ ಪಾಠ ಓದಿಸಿದರು. ದೊಡ್ಡಮ್ಮ ಅವರಿಗೆ ಕೈಯಾರೆ ಚಹಾ ಕೊಟ್ಟಳು. ಆ ದಿನಗಳಲ್ಲಿ ತಮಟೆಯನ್ನು ಮುಟ್ಟಲಿಲ್ಲ.

ಚಳಿಗಾಲಕ್ಕೆ ಮತ್ತೆ ಜನ ಬಂದರು. ತಮಟೆ ಎತ್ತಿಕೊಂಡಳು. ಅವಳ ಅಜ್ಜಿ ಬಂದಳು, ಬೇರೆ ಹಿರಿಯರು ಬಂದರು. ದೊಡ್ಡಪ್ಪ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮಾ, ಅವನನ್ನ ಒಂದ್ಸಲ ಕರಿ. ದನಿ ಕೇಳ್ಬೇಕು ಅನ್ಸುತ್ತೆ."

"ನಂಗೇನು ಅನ್ಸಲ್ವಾ?" ಎಂದು ಅವಳು ನನ್ನ ತಲೆ ಸವರಿದಳು. "ಆದ್ರೆ ಅವ್ರು ನಂಬಿದ್ದು ಬೇರೆ ಅಲ್ವಾ ಮಗಳೇ. ಇಷ್ಟು ಹೊತ್ತಿಗೆ ಎಲ್ಲೋ ಮಗುವಾಗಿ ಹುಟ್ಟಿರ್ತಾರೆ. ಎಳೇ ಕೂಸು, ಮಲಗಿರುತ್ತೆ. ನಾನು ಕರೆದ್ರೆ ಬೆಚ್ಚಿ ಬೀಳಲ್ವಾ?"

ಆ ವರ್ಷವೆಲ್ಲ, ಕಣಿವೆಯಲ್ಲಿ ಯಾರ ಗುಡಾರದಲ್ಲಿ ಮಗು ಹುಟ್ಟಿದರೂ ದೊಡ್ಡಮ್ಮ ಕೆನೆಯ ಬಟ್ಟಲು ಹಿಡಿದು ನೋಡಲು ಹೋಗುತ್ತಿದ್ದಳು. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ತುಟಿ ಅಲ್ಲಾಡುತ್ತದೇನೋ ಎಂದು ತುಂಬ ಹೊತ್ತು ನೋಡುತ್ತಿದ್ದಳು. ಚಹಾ ಕುಡಿದು ಮನೆಗೆ ಬರುತ್ತಿದ್ದಳು.