ಸೂಜಿ ಬೇಕೆಂದ ಅಮ್ಮ

ಸುಮ್ಮನೆ ಮಲಗಿರುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಮದುವೆಯಾಗಿ ಮೊಳಕಾಲ್ಮೂರು ಕಡೆಯ ಹಳ್ಳಿಗೆ ಬಂದ ಮೊದಲ ಬೇಸಿಗೆಯಲ್ಲೇ ಜ್ವರ ಬಂದು ನನ್ನನ್ನು ಕೆಡವಿತು. ತೊಂಬತ್ತರ ದಶಕದ ಶುರು. ನನ್ನ ತವರು ಚಳ್ಳಕೆರೆ ಪೇಟೆ. ಕುರಿಯನ್ನು ದೂರದಿಂದ ನೋಡಿದ್ದೆನೇ ಹೊರತು ಮುಟ್ಟಿದವಳಲ್ಲ. ಗಂಡನ ಮನೆಯಲ್ಲಿ ಹಿತ್ತಿಲ ತುಂಬಾ ಕುರಿ. ಸಂಜೆ ಅವು ಗುಡ್ಡ ಇಳಿದು ಬಂದ ಮೇಲೆ ಅತ್ತೆ ಅವುಗಳ ಕಿವಿ ಹಿಡಿದು, ರಕ್ತ ಹೀರಿ ಉಬ್ಬಿದ ಉಣುಗುಗಳನ್ನು ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಡಬ್ಬಿಯವರೆಗೆ ಕೈ ಚಾಚುವ ತಾಳ್ಮೆ ನನಗೆಲ್ಲಿ ಬರಬೇಕು? ಉಗುರಿನಲ್ಲೇ ಚಿಟ್ಟೆಂದು ಒತ್ತಿ ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ.

ಕಾಯಿಲೆ ಮೊದಲು ತಲೆನೋವಾಗಿ ಬಂತು. ಆಮೇಲೆ ಜ್ವರ. ನೋವು ಮಂಡಿ, ಹಿಮ್ಮಡಿ, ಬೆರಳ ಗೆಣ್ಣು ಎಂದು ದಿನಕ್ಕೊಂದು ಕಡೆ ಸುತ್ತತೊಡಗಿತು. ಕಣ್ಣು ಕೆಂಪಗಾದವು. ಬೆಳಕು ಕಂಡರೆ ಸಿಟ್ಟು, ಕತ್ತಲಾದರೂ ಸಿಟ್ಟು. ಮೊದಲು ನೋಡಿದ ಡಾಕ್ಟರು ಮಲೇರಿಯಾ ಎಂದು ಮಾತ್ರೆ ಕೊಟ್ಟರು, ಜ್ವರ ಜಗ್ಗಲಿಲ್ಲ. ಪಕ್ಕದ ಮನೆಯಾಕೆ ದೃಷ್ಟಿ ತಾಗಿದೆ ಎಂದರು, ನನ್ನ ಗಂಡ ಬಿಸಿಲು ಬಡಿದಿದೆ ಎಂದರು. ಇದು ಏನು ಕಾಯಿಲೆ ಎಂದು ಗೊತ್ತಿಲ್ಲದವಳು ಇಡೀ ಊರಿಗೆ ನಾನೊಬ್ಬಳೇ.

ಆಮೇಲೆ ಮಣಿಕಟ್ಟಿನ ಮೇಲೆ ಕೆಂಪು ಚುಕ್ಕೆಗಳು ಎದ್ದವು. ಪಕ್ಕದ ಮನೆಯಾಕೆ ನೋಡಿದವರೇ ಹಿಂದೆ ಸರಿದು, ಚಪ್ಪಲಿ ಬಿಟ್ಟು ಕೈಮುಗಿದರು. ಅವರ ಮನೆಮಾತು ತೆಲುಗು. "ಅಮ್ಮವಾರು ವಚ್ಚಿಂದಿ" ಎಂದರು. ಅಮ್ಮ ಬಂದಿದ್ದಾಳೆ ಎಂದ ಮೇಲೆ ಮುಗಿಯಿತು. ಅಂಥ ಮನೆಯಲ್ಲಿ ಔಷಧಿ ಇಲ್ಲ, ಒಗ್ಗರಣೆ ಇಲ್ಲ, ಅಮ್ಮ ಮೈಮೇಲಿರುವವರನ್ನು ಊರ ಗಡಿ ದಾಟಿಸುವಂತೆಯೂ ಇಲ್ಲ. ಮಾತ್ರೆಗಳು ತಿಪ್ಪೆ ಸೇರಿದವು. ನನ್ನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು.

"ಅತ್ತೆ, ನಾನು ಚಿಕ್ಕೋಳಿದ್ದಾಗ್ಲೇ ಅಮ್ಮ ಬಂದು ಹೋಗೈತೆ. ಇದು ಬ್ಯಾರೆ ಏನೋ" ಎಂದೆ.

"ಸುಮ್ನಿರವ್ವ, ಸಿಟ್ಟಾಗ್ತಾಳೆ" ಎಂದು ಅತ್ತೆ ಬೇವಿನ ಟೊಂಗೆಯಲ್ಲಿ ಗಾಳಿ ಬೀಸಿದರು.

ಸಿಟ್ಟಾಗಿದ್ದವಳು ನಾನು. ಈ ಮಗ್ಗಲು ಆ ಮಗ್ಗಲು ಹೊರಳಿ ಹೊರಳಿ ಸೊಪ್ಪೆಲ್ಲ ಪುಡಿಯಾಯಿತು. ಚುಕ್ಕೆಗಳು ಅಂಗೈಗೆ, ಅಂಗಾಲಿಗೆ ಇಳಿದವು. ಮೂತ್ರ ಕಡಿಮೆಯಾಯಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ತಲೆಯ ಮೇಲಿನ ತೊಲೆಗಳು ಜಾಗ ಬದಲಿಸುತ್ತಿವೆ ಎನ್ನಿಸಲು ಶುರುವಾದಾಗ, ಇನ್ನು ನಾನು ಉಳಿಯುವುದಿಲ್ಲ ಎಂದು ಖಾತ್ರಿಯಾಯಿತು. ಭಯವಾಯಿತು. ಇಷ್ಟು ಜನ ಕೈಮುಗಿದು ನೋಡುತ್ತಾ ನಿಂತಿರುವಾಗ ಸಾಯಬೇಕಲ್ಲ ಎಂದು ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು.

ಅಮ್ಮ ಬಂದವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮುದ್ದೆ ತಿರುವಲು ಬರುವುದಿಲ್ಲ ಎಂದು ಅದುವರೆಗೆ ನನ್ನ ಜೀವ ತಿಂದಿದ್ದ ಅತ್ತೆ ಈಗ ದಿನವೂ ನನ್ನ ಕಾಲ ಬುಡದಲ್ಲಿ ಕೂತು, "ತಾಯಿ, ಏನು ಬೇಕು ಕೇಳು, ಕೊಡ್ತೀವಿ" ಎನ್ನುತ್ತಿದ್ದರು. ರೋಗಿಯ ಬಾಯಿಂದ ಅಮ್ಮ ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ. ನಾನು ಗೋಡೆಗೆ ಮುಖ ತಿರುಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ಹಾಗೆ ಕೇಳಿದಾಗ ತಟ್ಟನೆ ಹೊಳೆಯಿತು. ಕೆದರಿದ ಕೂದಲನ್ನು ಮುಖದ ಮೇಲೆ ಎಳೆದುಕೊಂಡು ಎದ್ದು ಕೂತೆ.

"ನಂಗೆ ಸೂಜಿ ಬೇಕು."

"ಯಾವ ಸೂಜಿ ತಾಯಿ?" ಎಂದರು ಪಕ್ಕದ ಮನೆಯಾಕೆ.

"ಡಾಕ್ಟರ ಸೂಜಿ. ಚಳ್ಳಕೆರೇಲಿ ಐತೆ. ಈಗ್ಲೇ ಬೇಕು."

"ಅಮ್ಮ ಯಾವತ್ತಾದ್ರೂ ಸೂಜಿ ಕೇಳಿದ್ದು ಐತೇನ್ರೀ?" ಎಂದು ಆಕೆ ಅನುಮಾನದಿಂದ ನನ್ನ ಮುಖಕ್ಕೆ ಬಗ್ಗಿದರು. ನಾನು ಕೂದಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

"ಈಗ ಕೇಳಿದ್ಲಲ್ಲ" ಎಂದು ಅತ್ತೆ ಎದ್ದೇಬಿಟ್ಟರು. ಹೊರಗಿದ್ದ ಮಗನಿಗೆ, "ಲೇ, ಜೀಪು ತಗೊಂಬಾರೋ" ಎಂದು ಕೂಗಿದರು.

ದಾರಿಯಲ್ಲಿ ತಳಕು ಊರು ದಾಟಿದ್ದು ಅರೆಬರೆ ನೆನಪು. ಚಳ್ಳಕೆರೆಯ ಡಾಕ್ಟರು ಅಂಗೈ ಅಂಗಾಲು ನೋಡಿ, ಮನೆಯಲ್ಲಿ ಕುರಿ ಇದೆಯೇ ಎಂದು ಕೇಳಿದರು. ಸೀರೆ ಬಿಗಿಯುವ ಕಡೆ ಸೊಂಟದ ಮೇಲೆ ನಾನೇ ಗಮನಿಸದಿದ್ದ ಕಪ್ಪು ಹಕ್ಕಳೆಯೊಂದನ್ನು ಹುಡುಕಿ ತೋರಿಸಿದರು. ಉಣುಗಿನಿಂದ ಬರುವ ಜ್ವರ, ಬಿಟ್ಟರೆ ಮೂತ್ರಪಿಂಡಕ್ಕೂ ಮಿದುಳಿಗೂ ಹೋಗುತ್ತದೆ ಎಂದರು. ಡ್ರಿಪ್ ಹಾಕಿ ಕ್ಯಾಪ್ಸೂಲ್ ನುಂಗಿಸಿದರು. ಎರಡು ದಿನಕ್ಕೆ ಜ್ವರ ಇಳಿಯಿತು.

ಅತ್ತೆ ಮಂಚದ ಎಡಕ್ಕೆ ಕೂತು ಮೋಸಂಬಿ ಸುಲಿಯುತ್ತಿದ್ದರು. ಅವರ ತುಟಿ ಆಡುತ್ತಿತ್ತು. ಎಲೆಅಡಿಕೆ ಜಗಿಯುತ್ತಿದ್ದಾರೆ ಎಂದುಕೊಂಡೆ. ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು.

"ಏನಂದ್ರಿ ಅತ್ತೆ?"

ಅವರು ನನ್ನನ್ನೇ ಒಂದು ಕ್ಷಣ ನೋಡಿ, ಎದ್ದು ಮಂಚ ಸುತ್ತಿಕೊಂಡು ಬಲಗಡೆ ಬಂದರು. "ಸೂಜಿ ಕೇಳಿದ್ದು ನೀನೇ ಅಂತ ನಂಗೆ ಆಗ್ಲೇ ಗೊತ್ತಾತು" ಎಂದರು. "ಗಡಿ ದಾಟಿಸ್ತೀನಿ ಅಂತ ನಾನು ಹೇಳಿದ್ರೆ ಊರು ಬಿಡ್ತಿರ್ಲಿಲ್ಲ. ಅದಕ್ಕೇ ದಿನಾ ಕೇಳ್ತಿದ್ದೆ ಕಣವ್ವ, ಏನು ಬೇಕು, ಏನು ಬೇಕು ಅಂತ. ನೀನು ಬಾಯಿ ಬಿಡೋಕೆ ಇಷ್ಟು ದಿನ ಮಾಡ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಎಡಗಿವಿ ಮತ್ತೆ ಕೇಳಿಸಲೇ ಇಲ್ಲ. ಅತ್ತೆ ಬದುಕಿರುವವರೆಗೂ ನನ್ನ ಬಲಗಡೆಯೇ ಕೂರುತ್ತಿದ್ದರು.